ಬಾಡಿಗೆಗಿಲ್ಲದ ಮನೆ

ಬೀಗದ ಕೈ ಕುಂಡದ ಕೆಳಗೆ ಇರಲಿಲ್ಲ.

ಅಡುಗೆಮನೆಯಲ್ಲಿ ಕೂತಿದ್ದ ಫೋಸ್ಕಾ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಅಂಗಳದಲ್ಲಿ ಕಾರೊಂದು ಬಂದು ನಿಂತಿತ್ತು. ಅದರ ನೆತ್ತಿಯ ಮೇಲೆ ಎರಡು ಪುಟ್ಟ ಸೈಕಲ್ಲು. ಯಾರೋ ಹೆಂಗಸು ಒಂದೊಂದೇ ಹೂಕುಂಡ ಎತ್ತಿ ನೋಡುತ್ತಿದ್ದಳು. ಗಂಡ ನಾಲ್ಕನೆಯದನ್ನು ಎತ್ತಿದ. ಹಲ್ಲಿಯೊಂದು ಓಡಿತು, ಅಷ್ಟೆ.

"ದೊಮಿತಿಲ್ಲಾ, ನಿನ್ನ ಕುಂಡ ಕದಿಯೋಕೆ ಸಂಸಾರ ಸಮೇತ ಬಂದಿದಾರೆ ನೋಡೆ," ಎಂದಳು ಫೋಸ್ಕಾ.

ಅವಳು ಇಟಲಿಯ ಮೊಂತೆಸೋಲ್ಕೊ ಊರಿನ ಪೊಲೀಸ್ ಠಾಣೆಯ ಮುಖ್ಯಸ್ಥೆ. ಶನಿವಾರ ಬೆಳಿಗ್ಗೆ ಗೆಳತಿಯ ಮನೆಗೆ ಬಂದು ಮೊಟ್ಟೆ ಒಯ್ಯುವುದು ರೂಢಿ. ಒಯ್ಯಲು ಐದು ನಿಮಿಷ ಸಾಕು, ಅವಳು ಒಂದು ಗಂಟೆ ಕೂರುತ್ತಿದ್ದಳು. ಆಗಸ್ಟ್ ತಿಂಗಳಲ್ಲಿ ಈ ಗುಡ್ಡಗಳ ಮೇಲೆ ಹೊತ್ತು ಕೂಡ ಸೋಮಾರಿಯಾಗುತ್ತದೆ. ಜೀರುಂಡೆಗಳು ಕೂಗುತ್ತಲೇ ಇದ್ದವು. ಸೂರ್ಯಕಾಂತಿಗಳೆಲ್ಲ ತಲೆ ಬಗ್ಗಿಸಿ ತೂಕಡಿಸುತ್ತಿದ್ದವು. ಫೋಸ್ಕಾಳೂ ಹೆಚ್ಚು ಕಡಿಮೆ ಅದನ್ನೇ ಮಾಡುತ್ತಿದ್ದಳು.

ದೊಮಿತಿಲ್ಲಾ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲು ತೆರೆದಳು.

"ಯಾರು ಬೇಕಿತ್ತು?"

"ನಾನು ಮಿರೆಲ್ಲಾ. ಫೆರಾರಾದಿಂದ ಬಂದಿದೀವಿ. ಎರಡು ವಾರಕ್ಕೆ ಈ ಮನೆ ಬಾಡಿಗೆಗೆ ತಗೊಂಡಿದೀವಿ. ದೊಮಿತಿಲ್ಲಾ ಅವರು ಇದಾರಾ?"

"ನಾನೇ. ಈ ಮನೇಲಿ ನಾನೇ ಇದೀನಲ್ಲ. ಬಾಡಿಗೆಗೆ ಕೊಟ್ಟೋರು ಯಾರು?"

ಮಿರೆಲ್ಲಾಳ ಮುಖ ಬಿಳಿಚಿತು. ಅವಳ ಕಂಕುಳಲ್ಲಿ ದಪ್ಪನೆಯ ನೀಲಿ ಕಡತವಿತ್ತು.

"ಕೊಟ್ಟೋರು ನೀವೇ," ಎಂದಳು. "ನಿಮ್ಮ ಹೆಸರಲ್ಲೇ ಪತ್ರ ಬಂದಿದೆ. ನಿಮ್ಮ ಗುರುತಿನ ಚೀಟಿನೂ ಕಳಿಸಿದೀರಿ. ಮುಂಗಡ ತಗೊಂಡು ಈಗ ಗೊತ್ತೇ ಇಲ್ಲ ಅಂತೀರಾ?"

*

ಅಡುಗೆಮನೆಯ ಮೇಜಿನ ಮೇಲೆ ಕಡತ ತೆರೆದುಕೊಂಡಿತು. ಜನವರಿಯಿಂದ ಹೆಣೆದ ರಜೆ ಅದರಲ್ಲಿತ್ತು. ಯಾವ ದಿನ ಯಾವ ತೊರೆಗೆ, ಮಳೆ ಬಂದರೆ ಯಾವ ಆಟ, ಚಿಕ್ಕವನು ತೋಬಿಯಾನಿಗೆ ಯಾವ ಹಾಸಿಗೆ, ಎಲ್ಲವೂ ಬಣ್ಣದ ಪೆನ್ಸಿಲಿನಲ್ಲಿ. ಮೊದಲು ಗೊತ್ತು ಮಾಡಿದ್ದ ಮನೆ ಜೂನ್‌ನಲ್ಲಿ ತಪ್ಪಿಹೋಗಿತ್ತು. ಮಕ್ಕಳು ಎರಡು ದಿನ ಅತ್ತಿದ್ದರು. ಜುಲೈ ಮೊದಲ ವಾರ ಕಂಪ್ಯೂಟರಿನಲ್ಲಿ ಈ ಮನೆಯ ಜಾಹೀರಾತು ಕಂಡಿತ್ತು.

"ನಮ್ಮ ಮದುವೆ ಆದ್ಮೇಲೆ ಇದೇ ಮೊದಲನೇ ರಜೆ ಮೇಡಂ," ಎಂದ ಗಂಡ ರೆನ್ಜೊ, ಮೆಲ್ಲಗೆ.

"ನಾನು ದೂರು ಕೊಡ್ತೀನಿ," ಎಂದಳು ಮಿರೆಲ್ಲಾ, ಫೋಸ್ಕಾಳ ಸಮವಸ್ತ್ರದ ಕಡೆ ತಿರುಗಿ. "ಈಗಲೇ. ಈ ಹೆಂಗಸಿನ ಮೇಲೆ."

ದೊಮಿತಿಲ್ಲಾ ಕುರ್ಚಿ ಹಿಡಿದುಕೊಂಡಳು. ಗಂಡ ತೀರಿಕೊಂಡ ಮೇಲೆ ಅವಳು ಕಟ್ಟಿಕೊಂಡಿದ್ದ ಆಸೆ ಒಂದೇ: ಮಹಡಿಯ ಎರಡು ಕೋಣೆಗಳಲ್ಲಿ ಮಕ್ಕಳೊಂದಿಗರನ್ನು ಇಳಿಸಿಕೊಳ್ಳಬೇಕು, ಮನೆ ಮತ್ತೆ ಗಲಗಲ ಎನ್ನಬೇಕು. ಪರವಾನಗಿಯ ಅರ್ಜಿ ಸೋಮವಾರ ಊರ ಸಭೆಯ ಮುಂದೆ ಬರುವುದಿತ್ತು. ಮೋಸದ ದೂರಿರುವವಳಿಗೆ ಪರವಾನಗಿ ಯಾರು ಕೊಡುತ್ತಾರೆ? ದೂರು ಕೊಟ್ಟರೆ ಫೋಸ್ಕಾ ಬರೆದುಕೊಳ್ಳಲೇಬೇಕು. ಗೆಳತಿ ಎಂದು ಕಣ್ಣು ಮುಚ್ಚಿಕೊಳ್ಳುವಂತಿಲ್ಲ.

"ಬರೆದುಕೊಳ್ತೀನಿ," ಎಂದಳು ಫೋಸ್ಕಾ. "ಆದ್ರೆ ಸರಿಯಾದ ಹೆಸರು ಬರೆಯೋಣ. ಮಧ್ಯಾಹ್ನ ಒಂದು ಗಂಟೆವರೆಗೆ ಸಮಯ ಕೊಡಿ. ಮಕ್ಕಳು ಹೇಗೂ ಅಂಜೂರದ ಮರ ಹತ್ತಿಯಾಯ್ತು."

ಹೊರಗೆ ಮಿರೆಲ್ಲಾಳ ಒಂಬತ್ತು ವರ್ಷದ ಮಗಳು ಆನ್ಯೇಸೆ ಕುಂಟು ಕೋಳಿಯೊಂದನ್ನು ಕರೆಯುತ್ತಿದ್ದಳು: "ಕೊಂತೆಸ್ಸಾ, ಬಾ ಇಲ್ಲಿ."

"ಅದರ ಹೆಸರು ಇವಳಿಗೆ ಹೇಗೆ ಗೊತ್ತು?" ದೊಮಿತಿಲ್ಲಾ ತಬ್ಬಿಬ್ಬಾದಳು.

"ನೀವೇ ತಾನೇ ಬರೆದಿದ್ದು," ಎಂದು ಮಿರೆಲ್ಲಾ ಪತ್ರ ಓದಿದಳು. 'ಬೆಳಿಗ್ಗೆ ಮಂಜು ಕಣಿವೆ ತುಂಬಿಕೊಂಡಿರುತ್ತದೆ. ಮಕ್ಕಳನ್ನು ಆಗಲೇ ಎಬ್ಬಿಸಿ. ನಮ್ಮ ಮನೆ ಹಾಲಿನ ಮೇಲೆ ತೇಲುವ ದೋಣಿಯಂತೆ ಕಾಣುತ್ತದೆ. ಅಂಜೂರದ ಕೆಳಗಿನ ಕೊಂಬೆ ಗಟ್ಟಿಯಿದೆ, ಹತ್ತಲು ಬಿಡಿ.'

ಕೇಳುತ್ತ ಕೇಳುತ್ತ ಫೋಸ್ಕಾಳಿಗೆ ಕಣಿವೆಯ ಮಂಜೇ ಒಳಗೆ ಬಂದಂತೆನಿಸಿತು. ಹೊರಗಿನ ಕಳ್ಳನಿಗೆ ಇಂಥ ಪತ್ರ ಬರೆಯಲು ಬಾರದು. ಇದನ್ನು ಬರೆದವರು ಈ ಮನೆಯನ್ನು ಪ್ರೀತಿಸುವವರು.

*

ಪರವಾನಗಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದವಳು ಓರ್ನೆಲ್ಲಾ. ಊರ ಚೌಕದಲ್ಲಿ ಪ್ರವಾಸಿಗಳಿಗೆ ದಾರಿ ಹೇಳುವ ಕೌಂಟರಿನಲ್ಲಿ ಮೂವತ್ತು ವರ್ಷದಿಂದ ಕೂತಿದ್ದಾಳೆ. ಅವಳು, ಫೋಸ್ಕಾ, ದೊಮಿತಿಲ್ಲಾ ಮೂವರೂ ಒಟ್ಟಿಗೆ ಶಾಲೆಗೆ ಹೋದವರು. ಫೋಸ್ಕಾ ಕರೆದದ್ದೇ ತಡ, ಅರ್ಜಿಯ ಕಡತ ಹಿಡಿದು ಬಂದಳು.

ಜಾಹೀರಾತಿನ ಆರು ಫೋಟೋಗಳನ್ನು ನೋಡಿ ತಲೆಯಾಡಿಸಿದಳು.

"ಇವು ಗ್ವಾಲ್ತಿಯೇರೊ ತೆಗೆದ ಫೋಟೋ ಕಣೆ. ಮೇ ತಿಂಗಳಲ್ಲಿ ಅರ್ಜಿಗೆ ಅಂತ ತೆಗೆಸಿದ್ವಲ್ಲ, ಅವೇ. ಹೊರಗಿನವನು, ಮಿಲಾನಿನವನು. ಯಾರಿಗೆ ಮಾರಿಕೊಂಡನೋ."

"ನಂಗೂ ಅವನ ಮೇಲೇ ಅನುಮಾನ," ಎಂದಳು ದೊಮಿತಿಲ್ಲಾ. "ಇಲ್ಲಾಂದ್ರೆ ನಮ್ಮ ನೆಸ್ತೊರೆ."

ನೆಸ್ತೊರೆ ಅವಳ ಮೈದುನ. ಮನೆ ಮಾರಲಿಲ್ಲವೆಂದು ಈಸ್ಟರ್ ಹಬ್ಬದಲ್ಲಿ ಮುನಿಸಿಕೊಂಡು ಹೋದವನು. ಫೋಸ್ಕಾ ಅವನಿಗೆ ಫೋನು ಮಾಡಿದಳು. ಏಪ್ರಿಲ್‌ನಿಂದ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ, ಹಿಂದೆ ಸಮುದ್ರದ ಸದ್ದು ಕೇಳುತ್ತಿತ್ತು. ಅತ್ತಿಗೆಗೆ ನಮಸ್ಕಾರ ತಿಳಿಸಲೂ ಇಲ್ಲ. ಸಿಟ್ಟು ಅಪ್ಪಟ, ಆದರೆ ಮೋಸ ಅವನದಲ್ಲ.

ಜಾಹೀರಾತು ಕಳಿಸಿ ಫೋನು ಮಾಡಿದ್ದಕ್ಕೆ ಫೋಟೋಗ್ರಾಫರ್ ಗ್ವಾಲ್ತಿಯೇರೊ ಉರಿದುಬಿದ್ದ.

"ನನ್ನ ಫೋಟೋ ಅಂತೀರಾ ಅವನ್ನ? ನೋಡಿ, ನನ್ನವನ್ನ ಕಳಿಸ್ತೀನಿ. ಕಣ್ಣಿದ್ದೋರಿಗೆ ಗೊತ್ತಾಗುತ್ತೆ."

ಐದು ನಿಮಿಷಕ್ಕೆ ಬಂದವು. ಅವನ ಚಿತ್ರದಲ್ಲಿ ಹೊಲದ ಗೋಧಿ ಹಸಿರು, ಜಾಹೀರಾತಿನಲ್ಲಿ ಹೊಂಬಣ್ಣ. ಅವನ ಚಿತ್ರದಲ್ಲಿ ಅಡುಗೆಮನೆಯ ಕಿಟಕಿಕಟ್ಟೆ ಬೋಳು. ಕೈಬಟ್ಟೆಯನ್ನೂ ಬಿಡದೆ ಎತ್ತಿಸಿದ್ದ. ಜಾಹೀರಾತಿನ ಕಿಟಕಿಕಟ್ಟೆಯ ಮೇಲೆ ಒಂದು ಬೋಗುಣಿ ಇತ್ತು.

ಫೋಸ್ಕಾ ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಬೋಗುಣಿಯ ನೀರಿನಲ್ಲಿ ಗುಲಾಬಿ ಎಸಳು, ಆಕ್ರೋಟದ ಎಲೆ, ಲ್ಯಾವೆಂಡರ್. ನಡುವೆ ಮುಷ್ಟಿಯಷ್ಟು ದೊಡ್ಡ ನೇರಳೆ ಹೂವು, ಆರ್ಟಿಚೋಕ್ ತರಕಾರಿಯದು. ಆ ಹೂವನ್ನು ಹಾಕಿದವಳು ಫೋಸ್ಕಾಳೇ.

*

"ಓರ್ನೆಲ್ಲಾ, ಈ ಮನೆಯೊಳಗೆ ನೀನು ಕೊನೇ ಸಲ ಬಂದಿದ್ದು ಯಾವಾಗ?"

"ಮೇ ತಿಂಗಳಲ್ಲಿ. ಫೋಟೋದವನ ಜೊತೆ."

"ಸಂತ ಜೊವಾನ್ನಿ ಹಬ್ಬಕ್ಕೆ?"

"ಅಂಗಳದಲ್ಲೇ ಮುಖ ತೊಳ್ಕೊಂಡು ಹೋದ್ನಲ್ಲ."

"ಇಲ್ವಲ್ಲೇ," ಎಂದಳು ದೊಮಿತಿಲ್ಲಾ, ಏನೂ ಅರಿಯದೆ. "ನಾವು ಚರ್ಚಿನ ಪೂಜೆಗೆ ಹೊರಟಾಗ ಕಾಫಿ ಲೋಟ ತೊಳೆದಿಟ್ಟು ಬರ್ತೀನಿ ಅಂತ ನೀನು ಉಳಿದ್ಯಲ್ಲ."

ಫೋಸ್ಕಾ ಚಿತ್ರವನ್ನು ಮೇಜಿನ ನಡುವೆ ಇಟ್ಟಳು.

"ಮಿರೆಲ್ಲಾ ಅವರೇ, ಈ ಬೋಗುಣಿಯಲ್ಲಿ ಇರೋದು ಅಲಂಕಾರ ಅಲ್ಲ. ಜೂನ್ ಇಪ್ಪತ್ಮೂರರ ಸಂಜೆ ಇಲ್ಲಿ ಹೂವು, ಎಲೆ ಕಿತ್ತು ನೀರಿಗೆ ಹಾಕಿ ಅಂಗಳದಲ್ಲಿ ಇಡ್ತೀವಿ. ಅದಕ್ಕೆ ಇಬ್ಬನಿ ಬೀಳ್ಬೇಕು. ಬೆಳಿಗ್ಗೆ, ಹಬ್ಬದ ದಿನ, ಅದರಲ್ಲಿ ಮುಖ ತೊಳೀತೀವಿ. ಆಮೇಲೆ ಜೇನುಹುಳ ಬೀಳದ ಹಾಗೆ ದೊಮಿತಿಲ್ಲಾ ಅದನ್ನ ಕಿಟಕಿಕಟ್ಟೆ ಮೇಲೆ ಇಟ್ಟು, ಮಧ್ಯಾಹ್ನ ಗುಲಾಬಿ ಬುಡಕ್ಕೆ ಸುರೀತಾಳೆ. ವರ್ಷಕ್ಕೆ ಒಂದೇ ಬೆಳಿಗ್ಗೆ ಅದು ಅಲ್ಲಿರುತ್ತೆ."

"ಯಾವ ವರ್ಷದ್ದೋ ಇರಬಹುದಲ್ಲ?" ಎಂದ ರೆನ್ಜೊ.

"ಈ ವರ್ಷದ್ದೇ. ನನಗೆ ಬೇರೆ ಹೂ ಸಿಗಲಿಲ್ಲ. ಠಾಣೆ ಹಿಂದೆ ಬಲಿತು ಬಿರಿದಿದ್ದ ಆರ್ಟಿಚೋಕನ್ನೇ ಕಿತ್ತು ತಂದೆ. ಮುಖ ತೊಳೆಯೋಕೋ, ಸಾರು ಮಾಡೋಕೋ ಅಂತ ಇವರೆಲ್ಲ ನಕ್ಕರು. ಅವತ್ತು ಇಲ್ಲಿದ್ದೋರು ನಾವು ಮೂವರು ಮತ್ತೆ ಊರಿನ ಅಜ್ಜಿ ಅಸ್ಸುಂತಾ. ಪೂಜೆಗೆ ದೊಮಿತಿಲ್ಲಾನ, ಅಜ್ಜಿನ ನನ್ನ ಕಾರಲ್ಲೇ ಕರ್ಕೊಂಡು ಹೋದೆ. ಮನೇಲಿ ಉಳಿದವಳು ಒಬ್ಬಳೇ."

ಫೋಸ್ಕಾ ಓರ್ನೆಲ್ಲಾಳ ಕಡೆ ತಿರುಗಿದಳು.

"ಹೊರಗಿನವನಾಗಿದ್ದರೆ ಇದೇನು ಅಂತ ಕೇಳ್ತಿದ್ದ. ಇಲ್ಲ, ಗ್ವಾಲ್ತಿಯೇರೊ ಥರ ಎತ್ತಿ ಪಕ್ಕಕ್ಕಿಡ್ತಿದ್ದ. ಹುಟ್ಟಿದಾಗಿನಿಂದ ನೋಡಿದವಳ ಕಣ್ಣಿಗೆ ಅದು ಬೀಳೋದೇ ಇಲ್ಲ. ದೊಮಿತಿಲ್ಲಾಳ ಗುರುತಿನ ಚೀಟಿಯ ಪ್ರತಿ ಅರ್ಜಿ ಕಡತದಲ್ಲಿತ್ತು, ಕಡತ ನಿನ್ನ ಹತ್ರ ಇತ್ತು. ಮುಂಗಡ ಎಲ್ಲಿಗೆ ಹೋಯ್ತು ಅಂತ ಸೋಮವಾರ ಬ್ಯಾಂಕು ಹೇಳುತ್ತೆ. ಅದಕ್ಕೆ ಮುಂಚೆ ನೀನೇ ಹೇಳಿದ್ರೆ ನಂಗೆ ಸಮಾಧಾನ."

ಓರ್ನೆಲ್ಲಾ ತನ್ನ ಮೊಬೈಲನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು.

"ಚೌಕದಲ್ಲಿ ಮಹಡಿ ಮೇಲೆ ನನ್ನ ಎರಡು ಬಾಡಿಗೆ ಕೋಣೆ ಖಾಲಿ ಬಿದ್ದಿವೆ," ಎಂದಳು. "ಇವಳು ಶುರು ಮಾಡಿದ್ರೆ ಆ ಮೆಟ್ಟಿಲು ಯಾರು ಹತ್ತುತಾರೆ? ಒಂದು ದೂರು ಬಂದ್ರೆ ಪರವಾನಗಿ ನಿಲ್ಲುತ್ತೆ ಅಂದ್ಕೊಂಡೆ. ಅಷ್ಟೇ ಇದ್ದಿದ್ದು."

"ಮತ್ತೆ ಆ ಪತ್ರಗಳು?" ಮಿರೆಲ್ಲಾ ಕೇಳಿದಳು.

"ನಿಮ್ಮ ಮಗಳು ಕೋಳಿ ಇದೆಯಾ ಅಂತ ಬರೆದಿದ್ಲು. ಉತ್ತರ ಕೊಟ್ಟೆ. ಇನ್ನೂ ಕೇಳಿದ್ಲು. ಬರೀತಾ ಬರೀತಾ..." ಓರ್ನೆಲ್ಲಾ ಕೆಳಗೆ ನೋಡಿದಳು. "ಒಂದು ತಿಂಗಳು ಈ ಮನೆ ನನ್ನದಾಗಿತ್ತು. ನೀವು ನನ್ನ ಮನೆಗೇ ಬರ್ತಿದೀರಿ ಅನ್ನಿಸ್ತಿತ್ತು. ನಿಲ್ಲಿಸೋಕಾಗಲಿಲ್ಲ."

*

ಫೋಸ್ಕಾ ದೂರು ಬರೆದಳು. ಮೋಸ ಹೋದವರ ಸಾಲಿನಲ್ಲಿ ಎರಡು ಹೆಸರು: ಮಿರೆಲ್ಲಾ, ದೊಮಿತಿಲ್ಲಾ. ಸಭೆಗೆ ತಾನೇ ಪ್ರತಿ ಕಳಿಸುವುದಾಗಿ ಹೇಳಿದಳು. ಮಿರೆಲ್ಲಾ ಸಹಿ ಹಾಕಿ, ನೀಲಿ ಕಡತ ಮುಚ್ಚಿ, ಮಕ್ಕಳನ್ನು ಕರೆಯಲು ಎದ್ದಳು.

"ಎಲ್ಲಿಗೆ?" ಎಂದಳು ದೊಮಿತಿಲ್ಲಾ. "ಪರವಾನಗಿ ಇಲ್ಲದೆ ಬಾಡಿಗೆ ತಗೊಳೋ ಹಾಗಿಲ್ಲ. ನೆಂಟರನ್ನ ಇಟ್ಕೊಳೋಕೆ ಯಾರಪ್ಪಣೆ ಬೇಕು? ಹಾಸಿಗೆ ಎರಡು ದಿನದಿಂದ ಬಿಸಿಲಲ್ಲಿವೆ. ಕೈ ತೊಳ್ಕೊಳ್ಳಿ, ಒಂದು ಗಂಟೆಯಾಯ್ತು."

ಮಿರೆಲ್ಲಾ ಅಲ್ಲಿಯೇ ಕೂತು ಅತ್ತುಬಿಟ್ಟಳು.

ಫೋಸ್ಕಾ ಟೋಪಿ ಎತ್ತಿಕೊಂಡು ಓರ್ನೆಲ್ಲಾಳ ಭುಜ ಮುಟ್ಟಿದಳು. "ನಡಿ, ಹೋಗೋಣ."

"ಊಟ ಆದ್ಮೇಲೆ," ಎಂದಳು ದೊಮಿತಿಲ್ಲಾ. "ಊಟದ ಹೊತ್ತಲ್ಲಿ ನನ್ನ ಮನೆಯಿಂದ ಯಾರೂ ಹಸಿದು ಹೋಗಿಲ್ಲ."

ಏಳು ತಟ್ಟೆ ಬಂದವು. ಪಾಸ್ತಾದ ಹಬೆ ಮೇಜಿನ ಮೇಲೆ ತೇಲಿತು. ಮಕ್ಕಳ ಮಾತು ಮನೆ ತುಂಬಿತು. ದೊಮಿತಿಲ್ಲಾ ಎಲ್ಲರಿಗೂ ಬಡಿಸಿದಳು, ಓರ್ನೆಲ್ಲಾಳಿಗೂ ಎರಡು ಸಲ ಬಡಿಸಿದಳು. ಆದರೆ ಊಟ ಮುಗಿಯುವವರೆಗೂ ಅವಳ ಮುಖವನ್ನು ಒಮ್ಮೆಯೂ ನೋಡಲಿಲ್ಲ.