ಅವ್ವನ ಅವಸರದ ಕೈ

"ಯವ್ವಾ, ಮತ್ತ ಕಸ್ಕೊಂಡಿ ನೋಡು!"

ಭಾಗಮ್ಮ ಕೂಗಿಕೊಂಡಳು. ಮುತ್ಯಾನ, ಅಂದರೆ ಅಜ್ಜನ, ಕಾಲಿಗೆ ಅವಳು ಸುತ್ತುತ್ತಿದ್ದ ಬ್ಯಾಂಡೇಜು ಈಗ ಅವ್ವನ ಕೈಯಲ್ಲಿತ್ತು. ಸರಸರನೆ ನಾಲ್ಕು ಸುತ್ತು, ಒಂದು ಗಂಟು. ಮುಗಿದೇ ಹೋಯಿತು.

"ನೀ ಸಡ್ಲ ಸುತ್ತಾಕತ್ತಿದ್ದಿ ಬೇ," ಎಂದಳು ಅವ್ವ.

"ಸಡ್ಲ ಆದ್ರ ಬಾಯಿಲೆ ಹೇಳಬೇಕು. ನಮ್ಮ ಟೀಚರ್ ಪೆನ್ಸಿಲ್ ಕಸ್ಕೊಂಡು ತಾವೇ ಬರೀತಾರೇನು?"

ಮುತ್ಯಾ ಕಾಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ. ಆ ಕಾಲಿಗೆ ಗಾಯವೇನೂ ಆಗಿರಲಿಲ್ಲ; ಅವ್ವ ಕಲಿಸುವುದನ್ನು ರೂಢಿ ಮಾಡಿಕೊಳ್ಳಲು ಅದು ಸಿಕ್ಕಿತ್ತು, ಅಷ್ಟೇ. "ಹುಡುಗಿ ಹೇಳೋದು ಖರೆ ಅದ ಗಂಗಾ. ನೀ ಟೀಚರ್ ಆಗೋದ್ರಾಗ ನಾ ಕುಂಟ ಆಗ್ತೇನಿ," ಎಂದ.

ಅವ್ವ, ಅಂದರೆ ಗಂಗಾಬಾಯಿ, ಅಫಜಲಪುರದ ಸರಕಾರಿ ದವಾಖಾನೆಯಲ್ಲಿ ನರ್ಸು. ಅವಳ ಕೈ ಎಷ್ಟು ಚುರುಕೆಂದರೆ, ಮಕ್ಕಳು ಅಳಲು ಬಾಯಿ ತೆರೆಯುವಷ್ಟರಲ್ಲಿ ಇಂಜೆಕ್ಷನ್ ಮುಗಿದು ಬಾಯಿಗೆ ಪೆಪ್ಪರಮಿಂಟು ಬಿದ್ದಿರುತ್ತದೆ. ಈಗ ಅವ್ವನಿಗೆ ಹೊಸ ಆಸೆ. ನರ್ಸಾಗಲು ಬರುವ ಹುಡುಗಿಯರಿಗೆ ಕಲಿಸುವ ಟೀಚರ್ ಆಗಬೇಕು. ಅದಕ್ಕೆ ಡಿಗ್ರಿ ಬೇಕು.

ಡಿಗ್ರಿಗೆ ಎರಡು ದಾರಿ. ಒಂದು ಬೆಂಗಳೂರಿನ ಕಾಲೇಜು. ಅಲ್ಲೇ ಹಾಸ್ಟೆಲಿನಲ್ಲಿದ್ದು ಎರಡು ವರ್ಷ ಓದಬೇಕು. ಇನ್ನೊಂದು ಟಪಾಲಿನ ಕೋರ್ಸು. ಪುಸ್ತಕಗಳು ಮನೆಗೇ ಬರುತ್ತವೆ. ಡ್ಯೂಟಿ ಮಾಡುತ್ತ ಓದಿ, ನಡುನಡುವೆ ಕ್ಲಾಸಿಗೆ ಹೋಗಿ ಬರಬೇಕು. ಅದಕ್ಕೆ ಮೂರು ವರ್ಷ. ಅಪ್ಪ ಬಸ್ ಡ್ರೈವರ್. "ನಿನಗ ಯಾವದು ಸರಿ ಕಾಣ್ತದ ಅದನ್ನ ಮಾಡು," ಎಂದು ಹೇಳಿ ಡ್ಯೂಟಿಗೆ ಹೋಗಿದ್ದ.

"ಟಪಾಲಿನ್ಯಾಗ ಹ್ಯಾಂಗ ಕಲಸ್ತಾರವ್ವಾ? ಸೂಜಿನೂ ಕವರಿನ್ಯಾಗ ಹಾಕಿ ಕಳಸ್ತಾರೇನು?" ಎಂದು ಮುತ್ಯಾ ನಕ್ಕ.

ಅವ್ವ ನಗಲಿಲ್ಲ. "ನನಗೂ ಅದೇ ಚಿಂತಿ. ಇದು ಕೈಲೆ ಕಲಿಯೋ ಕೆಲಸ. ಬೆಂಗಳೂರೇ ಛಲೋ ಏನೋ. ಭಾಗಿ, ಐತವಾರಕ್ಕೊಮ್ಮೆ ಎಸ್‌ಟಿಡಿ ಬೂತಿಗೆ ಫೋನ್ ಮಾಡ್ತೇನಿ, ಆಯ್ತಿಲ್ಲೋ? ನಾಳೆ ಸಂಜಿಗೆ ಒಂದು ಫಾರ್ಮ್ ತುಂಬೇಬಿಡ್ತೇನಿ."

"ಟಪಾಲೇ ಛಲೋ!" ಎಂದಳು ಭಾಗಮ್ಮ. ಎರಡು ವರ್ಷ! ಅಲ್ಲಿಯವರೆಗೆ ತನ್ನ ಜಡೆ ಯಾರು ಹಾಕಬೇಕು? ಜ್ವರ ಬಂದರೆ ಹಣೆ ಯಾರು ಮುಟ್ಟಿ ನೋಡಬೇಕು?

ಮರುದಿನ ಶನಿವಾರ. ಶಾಲೆ ಬೇಗ ಬಿಟ್ಟಿತು. ಅವ್ವನಿಗೆ ಬುತ್ತಿ ಕೊಡಲು ಭಾಗಮ್ಮ ದವಾಖಾನೆಗೆ ಹೋದಳು. ವಾರ್ಡಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಅವ್ವ ಬೆನ್ನು ಮಾಡಿ ನಿಂತಿದ್ದಳು.

ಮಂಚದ ಮೇಲೆ ಭೀಮಶಾ ಎಂಬ ರೈತ ಕೂತಿದ್ದ. ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚಿ ಅವನ ಪಾದಕ್ಕೆ ಗಾಯವಾಗಿತ್ತು. ಹೊಸದಾಗಿ ಟ್ರೇನಿಂಗಿಗೆ ಬಂದಿದ್ದ ಶಮಶಾದ ಎಂಬ ಹುಡುಗಿ ಅದಕ್ಕೆ ಬ್ಯಾಂಡೇಜು ಸುತ್ತುತ್ತಿದ್ದಳು. ಒಂದೊಂದು ಸುತ್ತಿಗೂ ಅವ್ವನ ಮುಖ ನೋಡುತ್ತಿದ್ದಳು. ಸುತ್ತಿದ್ದೆಲ್ಲ ಸಡಿಲಾಗಿ ಜಾರಿತು.

ಅವ್ವನ ಬಲಗೈ ಥಟ್ಟನೆ ಮುಂದೆ ಹೋಯಿತು.

'ಕಸ್ಕೊಂಡಳು!' ಅಂದುಕೊಂಡಳು ಭಾಗಮ್ಮ.

ಆದರೆ ಆ ಕೈ ಅರ್ಧಕ್ಕೇ ನಿಂತಿತು. ಮೆಲ್ಲಗೆ ಹಿಂದಕ್ಕೆ ಬಂತು. ಬೆನ್ನ ಹಿಂದೆ ಎಡಗೈ ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬಲಗೈಯ ಬೆರಳುಗಳು ಸುಮ್ಮನಿರದೆ ಮಿಸುಕಾಡುತ್ತಿದ್ದವು. ಹುಂಬ ಕರುವನ್ನು ಹಗ್ಗ ಹಾಕಿ ಹಿಡಿದಂತಿತ್ತು.

"ಗಾಬರಿ ಆಗಬ್ಯಾಡ ಶಮಶಾದ. ಬಿಚ್ಚು. ಮತ್ತ ಬೆರಳಿನ ಕಡಿಂದ ಸುರು ಮಾಡು," ಎಂದಳು ಅವ್ವ. "ಭೀಮಶಾ ಅಣ್ಣಾ, ನಿಮಗ ಅವಸರ ಇಲ್ಲಲ್ರಿ?"

"ನನಗೇನ್ ಅವಸರ್ರಿ ಸಿಸ್ಟರ್? ಬಸ್ಸು ಇನ್ನಾ ಸಂಜಿಗಿ ಅದ."

ಶಮಶಾದ ಬಿಚ್ಚಿದಳು. ಸುತ್ತಿದಳು. ಒಮ್ಮೆ ತಪ್ಪಿತು, ಮತ್ತೆ ಸುತ್ತಿದಳು. ಅವ್ವ ಬಾಯಲ್ಲಿ ಮಾತ್ರ ಹೇಳಿದಳು. ಕೊನೆಗೆ ಗಂಟು ಬಿತ್ತು. ಭೀಮಶಾ ಬ್ಯಾಂಡೇಜು ಮುಟ್ಟಿ ನೋಡಿ, "ಭೇಷ್ ಕಟ್ಟಿದಿ ಮಗಳ," ಎಂದ.

ಶಮಶಾದಳ ಮುಖ ಅರಳಿತು. ಅವ್ವ ಅವಳ ಕಡೆ ತಿರುಗಿದಾಗ ಭಾಗಮ್ಮನಿಗೆ ಅವ್ವನ ಮುಖವೂ ಕಂಡಿತು. ಅದು ಇನ್ನೂ ಹೆಚ್ಚು ಅರಳಿತ್ತು. ಅವ್ವ ತನ್ನ ಕೈಯಿಂದಲೇ ಎಷ್ಟು ಕೆಲಸ ಮಾಡಿದಾಗಲೂ ಇಂಥ ಖುಷಿ ಪಟ್ಟದ್ದನ್ನು ಭಾಗಮ್ಮ ಕಂಡಿರಲಿಲ್ಲ. 'ನಮ್ಮವ್ವ ರೀ ಇಕಿ, ನಮ್ಮವ್ವ!' ಎಂದು ಇಡೀ ವಾರ್ಡಿಗೆ ಕೂಗಿ ಹೇಳಬೇಕೆನಿಸಿತು ಅವಳಿಗೆ.

ಸಂಜೆ ಅವ್ವ ಎರಡೂ ಫಾರ್ಮು ಮುಂದಿಟ್ಟುಕೊಂಡು ಕೂತಳು. "ಯಾವದು ತುಂಬ್ಲಿ ಭಾಗಿ?"

ಭಾಗಮ್ಮನ ಬೆರಳು ಟಪಾಲಿನ ಫಾರ್ಮಿನ ಕಡೆ ಹಾರಿತು. ಅರ್ಧಕ್ಕೇ ನಿಂತಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಬೆನ್ನ ಹಿಂದೆ ಇನ್ನೊಂದು ಕೈಯಿಂದ ಹಿಡಿದುಕೊಂಡಳು.

"ನಿನಗ ಯಾವದು ಬೇಕು ಅದನ್ನ ತುಂಬು ಯವ್ವಾ. ಬೆಂಗಳೂರಾದ್ರೂ... ನಾ ಜಡಿ ಹಾಕ್ಕೊಳ್ಳೋದು ಕಲೀತೇನಿ."

ಅವ್ವ ಬಗ್ಗಿ, ಹಿಂದೆ ಹಿಡಿದ ಆ ಕೈಗಳನ್ನೇ ನೋಡಿದಳು. "ಹಿಂಗ ನಿಂದ್ರೋದು ಎಲ್ಲಿ ಕಲ್ತಿ?"

"ಇವತ್ತು ವಾರ್ಡಿನ್ಯಾಗ."

"ನಾನೂ ಅಲ್ಲೇ ಕಲ್ತೆ ಬೇ," ಎಂದ ಅವ್ವ ಟಪಾಲಿನ ಫಾರ್ಮನ್ನು ಹತ್ತಿರ ಎಳೆದುಕೊಂಡಳು. "ಪುಸ್ತಕ ಟಪಾಲಿನ್ಯಾಗ ಬರ್ಲಿ. ಕೈಗಿ ಪಾಠ ಹೇಳಾಕ ನನ್ನ ವಾರ್ಡು ಅದ."

"ಹಂಗಂದ್ರ ಮೂರು ವರ್ಷ ನನ್ನ ಕಾಲಿಗಿ ಬಿಡುಗಡಿ ಇಲ್ಲ!" ಎಂದ ಮುತ್ಯಾ.

ಭಾಗಮ್ಮನಿಗೆ ಓಡಿ ಹೋಗಿ ಅವ್ವನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಅವ್ವ ಫಾರ್ಮಿನಲ್ಲಿ ತನ್ನ ಹೆಸರು ಬರೆಯುತ್ತಿದ್ದಳು. ಯಾವ ಅವಸರವೂ ಇಲ್ಲದೆ, ಒಂದೊಂದೇ ಅಕ್ಷರ. ಅವಳು ಬರೆದು ಪೆನ್ನು ಎತ್ತುವವರೆಗೂ ಭಾಗಮ್ಮ ಹಿಂದೆ ಹಿಡಿದ ಕೈ ಬಿಡಲಿಲ್ಲ.