ಕಾಣೆಯಾದವರ ಪ್ರಕಟಣೆ

ನಾನು ಕಿತ್ತೆಸೆದ ಆಂಟೆನಾ ಇನ್ನೂ ಅಂಗಳದಲ್ಲೇ ಬಿದ್ದಿದೆ. ಸುಳ್ಳೆನ್ನುವವರು ಬಂದು ನೋಡಲಿ.

ತಾಳಗುಪ್ಪದಲ್ಲಿ ರೈಲು ಹತ್ತಿದ ನನ್ನಣ್ಣ ದುರ್ಗೇಶ ಎಲ್ಲೂ ಇಳಿಯಲಿಲ್ಲ. ಟಿವಿಯ ಕಾಣೆಯಾದವರ ಪ್ರಕಟಣೆಯಲ್ಲಿ ಅವನ ಫೋಟೋ ಒಂದೇ ಒಂದು ಸಲ ಬಂತು. ಮತ್ತೆ ಬರಬಹುದೆಂದು ಅವ್ವ ದಿನಾ ಸಂಜೆ ಟಿವಿ ಮುಂದೆ ಕೂರತೊಡಗಿದಳು. ಅಷ್ಟರಲ್ಲಿ ಎಲ್ಲ ಡಿಜಿಟಲ್ ಆಯಿತೆಂದು ಗುಡ್ಡದ ಮೇಲಿನ ಟಿವಿ ಟವರನ್ನೇ ಬಂದ್ ಮಾಡಿದರು. ನಮ್ಮಂಥವರನ್ನು ಯಾವ ನಾಯಿ ಕೇಳುತ್ತದೆ? ಆಂಟೆನಾದ ಟಿವಿಯಲ್ಲಿ ಉಳಿದದ್ದು ಬರೀ ಚುಕ್ಕಿ, ಬರೀ ಗೊರಗೊರ ಸದ್ದು. ಆದರೂ ಅವ್ವ ಡಿಶ್ ಹಾಕಿಸಲು ಬಿಡಲಿಲ್ಲ.

ಮೊನ್ನೆ ಸಂಜೆ ನನಗೆ ತಡೆಯಲಾಗಲಿಲ್ಲ.

"ಚುಕ್ಕಿ ನೋಡ್ತಾ ಕೂತ್ರೆ ಅವ್ನು ಬರ್ತಾನೇನೇ ಅವ್ವಾ?"

"ಸುಮ್ನಿರೋ, ಅವ್ನು ಬರೋ ಹೊತ್ತಾತು."

ಹೊರಗೆ ಹೋಗಿ ಆಂಟೆನಾವನ್ನು ಕಂಬದ ಸಮೇತ ಕಿತ್ತೆಸೆದೆ. ತುಂಡಾದ ವೈರು ಕೈಗೆ ಮಂಜುಗಡ್ಡೆಯಂತೆ ಕೊರೆಯಿತು. ಒಳಗೆ ಟಿವಿಯ ಸದ್ದು ನಿಂತಿತು. ಹೋಗಿ ನೋಡಿದರೆ ಪರದೆಯ ಮೇಲೆ ಅಣ್ಣನ ಮುಖ ನಿಚ್ಚಳವಾಗಿತ್ತು. ಕೆಳಗೆ ಅವನ ಹೆಸರು, ಎತ್ತರ, ಅಂಗಿಯ ಬಣ್ಣ.

ನಾವು ಕೊಟ್ಟಿದ್ದ ಫೋಟೋದಲ್ಲಿ ಅವನಿಗೆ ಗಡ್ಡವಿರಲಿಲ್ಲ. ಇಲ್ಲಿ ಎದೆಯವರೆಗೆ ಬೆಳೆದಿತ್ತು.

ಅವ್ವ ಗಾಜನ್ನು ಸೆರಗಿನಿಂದ ಒರೆಸಿದಳು. ಸೆರಗು ಒದ್ದೆಯಾಯಿತು.

"ನಿನ್ನೆಗಿಂತ ಸೊರಗಿದಾನೆ ಕಣೋ," ಎಂದಳು.