ಎರಡನೆಯ ಲೋಟ

ಸೋಮವಾರ ಬೆಳಿಗ್ಗೆ 9.20ಕ್ಕೆ ನಿಖಿತಾ ಠಾಣೆಗೆ ಬಂದಳು. ಅವಳ ಸಹೋದ್ಯೋಗಿ ಶಮಂತ್, ಇಪ್ಪತ್ತಾರು ವರ್ಷ, ಶನಿವಾರ ಒಬ್ಬನೇ ಘೋಡೆಕಡಾ ಗುಡ್ಡ ಹತ್ತಲು ಹೋದವನು ಪುಣೆಗೆ ಮರಳಿರಲಿಲ್ಲ.

“ಬ್ಯಾಗಿನ್ಯಾಗ ಏನೇನಿತ್ತು?” ಇನ್‌ಸ್ಪೆಕ್ಟರ್ ಸುಮಂಗಲಾ ಕೇಳಿದರು.

“ಬರೀ ನಾಲ್ಕು ಕೆಜಿ ಮೇಡಂ. ವೆಯಿಟ್ ಕಮ್ಮಿ ಮಾಡ್ಬೇಕು ಅಂತ ಟಾರ್ಚು, ವಿಷಲ್ಲು ಎಲ್ಲ ಮನೇಲೇ ಬಿಟ್ಟ. ಮ್ಯಾಪ್ ಫೋನಲ್ಲಿದೆ ಅಂದ.”

ಫೋನ್ ಶನಿವಾರ ಮಧ್ಯಾಹ್ನವೇ ಸ್ವಿಚ್ ಆಫ್ ಆಗಿತ್ತು. ನಾಪತ್ತೆ ದೂರು ದಾಖಲಿಸಿ ಸುಮಂಗಲಾ ಜೀಪು ಹತ್ತಿದರು. ಗುಡ್ಡದ ಬುಡದ ಊರಿನವರೆಲ್ಲ ಹೇಳಿದ್ದು ಒಂದೇ ಹೆಸರು: ನಿಜಲಿಂಗಪ್ಪ. ಪುಣೆಯ ಖಡಕಿಯಲ್ಲಿ ನೌಕರಿ ಮುಗಿಸಿ ಈ ಊರಿನಲ್ಲಿ ಒಂಟಿಯಾಗಿದ್ದ ಮುದುಕರು. ಮೂವತ್ತು ವರ್ಷ ಚಾರಣ ಕಲಿಸಿದವರು. ಈ ವರ್ಷವೇ ದಾರಿ ತಪ್ಪಿದ ಮೂವರನ್ನು ಕರೆತಂದಿದ್ದರು. ಪೊಲೀಸರಿಗೆ ದಾರಿ ತೋರಿಸಲು ಅವರೇ ಮುಂದೆ ನಡೆದರು.

ಕವಲಿನಲ್ಲಿ ಸುಣ್ಣದ ಬಾಣ ಬರೆದ ಕಲ್ಲು ಬಲಕ್ಕೆ ತೋರಿಸುತ್ತಿತ್ತು. ಊರಿನವರು ಏರುವ ದಾರಿ ಎಡಕ್ಕಿತ್ತು. ಕಾನ್‌ಸ್ಟೇಬಲ್ ಶಿವರಾಜ ಕಲ್ಲೆತ್ತಿದ. ಅಡಿಯ ಹುಲ್ಲು ಇನ್ನೂ ಹಸಿರಾಗಿತ್ತು; ಕಲ್ಲನ್ನು ಈಚೆಗಷ್ಟೇ ಯಾರೋ ಸರಿಸಿದ್ದರು. ನಿಜಲಿಂಗಪ್ಪ ಅತ್ತ ನೋಡಲೂ ಇಲ್ಲ. ಅಷ್ಟರಲ್ಲೇ ದಡದಡನೆ ಬಲಕ್ಕೆ ಹೊರಟುಬಿಟ್ಟಿದ್ದರು.

1.40ಕ್ಕೆ ಕೊರಕಲಿನಲ್ಲಿ ಶಮಂತ್ ಸಿಕ್ಕ. ಕಾಲು ಮುರಿದಿತ್ತು, ಗಂಟಲು ಕಟ್ಟಿತ್ತು, ಜೀವವಿತ್ತು.

“ಬಾಣ ನೋಡ್ಕೊಂಡೇ ಬಂದೆ,” ಎಂದ.

FIR ಆಯಿತು. ನಿಜಲಿಂಗಪ್ಪ ಹಿಂದೆ ಕರೆತಂದಿದ್ದ ಮೂವರಲ್ಲಿ ಒಬ್ಬಳಾದ ಧನುಶ್ರೀಗೆ ಸುಮಂಗಲಾ ಫೋನ್ ಮಾಡಿದರು.

“ನಿಜಲಿಂಗಪ್ಪನವರು ನಿಮ್ಮನ್ನ ಹೆಂಗ ಹುಡುಕಿದ್ರು?”

“ಹುಡುಕಲಿಲ್ಲ ಮೇಡಂ. ಬಾಣ ತೋರಿಸಿದ ದಾರಿ ಕೊನೇಲಿ ಬಂಡೆ ಕೆಳಗೆ ಮೊದಲೇ ಕೂತಿದ್ರು. ಥರ್ಮಾಸಲ್ಲಿ ಟೀ, ಎರಡು ಲೋಟ.”

“ಅವ್ರ ಜೊತಿಗೆ ಯಾರಿದ್ರು?”

“ಯಾರೂ ಇರ್ಲಿಲ್ಲ.”

ಶಿವರಾಜ ತಲೆ ಕೆರೆದುಕೊಂಡ. “ಬೇಲಿನ ಎದ್ದು ಹೊಲ ಮೇಯ್ದಂಗಾತಲ್ರೀ ಮೇಡಂ!”

ಸಂಜೆ 5ಕ್ಕೆ ಮುದುಕರ ಮನೆಯಲ್ಲಿ ಪಂಚನಾಮೆ: ಥರ್ಮಾಸ್ ಒಂದು, ಲೋಟ ಎರಡು, ಚಾರಣ ಕಲಿತವರ ಹಾಜರಿ ಪುಸ್ತಕ ಒಂದು. ಅದರಲ್ಲಿ ಕೊನೆಯ ಹೆಸರು ಆರು ವರ್ಷ ಹಿಂದಿನದು.

“ಕಲ್ಲು ಯಾಕ ತಿರುಗಿಸಿದ್ರಿ?”

ಅವರು ಮುಚ್ಚಿಡಲಿಲ್ಲ. “ತಲಿಯೊಳಗ ಇದ್ದರ ಬೆನ್ನ ಮ್ಯಾಲೆ ಬ್ಯಾಡ, ಅಂತ ಕಲಿಸ್ತಿದ್ದೆ ರೀ. ಈಗಿನವ್ರು ಬೆನ್ನು ಹಗುರ ಮಾಡ್ಕೊಂಡ್ರು, ತಲಿ ಫೋನಿಗೆ ಕೊಟ್ರು. ಯಾರೂ ಕೇಳಾಕ ಬರೂದಿಲ್ಲ. ದಾರಿ ತಪ್ಪಿದವ್ರರೆ ಒಂದು ತಾಸು ಕುಂತು ಮಾತಾಡ್ತಿದ್ರು.”

“ಶನಿವಾರ?”

“ಕತ್ತಲಾಗೂತನಾ ಕುಂತಿದ್ದೆ. ಇವತ್ತೂ ಯಾರೂ ಬರ್ಲಿಲ್ಲ ಅಂತ ಎದ್ದು ಬಂದೆ.”

ಆಗ ಆ ಬಂಡೆಯಿಂದ ಅರ್ಧ ಮೈಲಿ ಕೆಳಗೆ ಶಮಂತ್ ಕೂಗುತ್ತಿದ್ದ. ಅವನ ಕೂಗು ಅಷ್ಟು ದೂರ ಮುಟ್ಟಲಿಲ್ಲ. ಮುಟ್ಟಬಹುದಾಗಿದ್ದ ವಿಷಲ್ಲು ಮನೆಯಲ್ಲಿತ್ತು.

ಸುಮಂಗಲಾರಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು, ಅದರ ಜೊತೆಗೇ ಅಳುವೂ ಒತ್ತರಿಸಿತ್ತು. 6.10ಕ್ಕೆ ಬಂಧನ ದಾಖಲಾಯಿತು.

ಜೀಪು ಹತ್ತುವಾಗ ನಿಜಲಿಂಗಪ್ಪ ಮೆಲ್ಲಗೆ ಹೇಳಿದರು: “ದವಾಖಾನಿಯಾಗ ಆ ಹುಡುಗನ ಹತ್ರ ಯಾರರೆ ಕುಂಡ್ರಿ ರೀ. ಎರಡು ರಾತ್ರಿ ಒಬ್ಬನ ಇದ್ದಾನ.”